ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ಪಾದವಿಹಾರ

ಪ್ರಾತಃಸ್ಮರಣೀಯರೂ ಈ ಯುಗದ ಶ್ರಮಣ ಪರಂಪರೆಯ ಪುನರುದ್ಧಾರಕರೂ ಆದ ಪರಮಪೂಜ್ಯ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ಜೀವನಚರಿತ್ರೆಯನ್ನು ಬರೆಯುವ ಯೋಗ್ಯತೆ ನನ್ನಂತಹ ವ್ಯಾಪಾರಿಗೆ ಇದೆಯೆಂದು ನಾನು ಭಾವಿಸಿಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು ನಾನು. ಮಹಾರಾಜರ ತಪಸ್ಸು, ಶಾಸ್ತ್ರಜ್ಞಾನ, ಉಪವಾಸಗಳ ವಿಷಯವಾಗಿ ಪಂಡಿತ ಸುಮೇರುಚಂದ್ರ ದಿವಾಕರರಂತಹ ವಿದ್ವಾಂಸರು ಬೃಹದ್ಗ್ರಂಥವನ್ನೇ ರಚಿಸಿದ್ದಾರೆ. ಆದರೂ ಸ್ಮರಣಸಂಚಿಕೆಯ ಸಮಿತಿಯವರು ಒಂದು ಲೇಖನ ಬೇಕೆಂದು ಒತ್ತಾಯಿಸಿದಾಗ ನಾನು ಒಪ್ಪಿಕೊಂಡುದಕ್ಕೆ ಕಾರಣವಿದೆ. ಈ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವಕ್ಕೆ ಬಿಜಯಂಗೈಯುವ ಮುನಿಸಂಘದ ವಿಹಾರವ್ಯವಸ್ಥೆಯ ಹೊಣೆ ನನ್ನ ಮೇಲೆ ಬಿದ್ದಿತು. ಎಲ್ಲಿಂದ ಎಲ್ಲಿಗೆ ಎಷ್ಟು ದೂರ, ಎಲ್ಲಿ ಆಹಾರಚರ್ಯೆ, ಎಲ್ಲಿ ರಾತ್ರಿವಾಸ ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತಿರುವಾಗಲೆಲ್ಲ ಆ ಮಹಾತ್ಮರು ನೆನಪಾಗುತ್ತಿದ್ದರು. ಆದುದರಿಂದ ಅವರ ಸಮಗ್ರ ಚರಿತ್ರೆಯನ್ನಲ್ಲ, ಅವರು ನಡೆದ ರೀತಿಯನ್ನು ಮಾತ್ರ ಇಲ್ಲಿ ನಿರೂಪಿಸುತ್ತೇನೆ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದು ಮುನಿಸಂಘವನ್ನು ನಮ್ಮ ಊರಿಗೆ ಕರೆತರುವ ತಂಡದಲ್ಲಿ ನಾನೂ ಇದ್ದೆ. ಸಾಯಂಕಾಲದ ನಡಿಗೆಯ ದೂರವನ್ನು ನಾವು ಮೋಟಾರಿನಲ್ಲಿ ಕುಳಿತು ಅಳೆದಿದ್ದೆವು. ಆದರೆ ಮುನಿಗಳು ನಡೆಯುವ ಹೊಲದ ದಾರಿ ಬೇರೆ, ಮೋಟಾರು ಓಡುವ ರಸ್ತೆ ಬೇರೆ. ಇನ್ನೂ ಎರಡು ಮೈಲಿ ಉಳಿದಿರುವಾಗಲೇ ಸೂರ್ಯ ಮುಳುಗಿದನು. ಮುನಿಗಳು ಒಂದು ಬೇವಿನ ಮರದ ಕೆಳಗೆ ಪಿಂಛಿಯಿಂದ ನೆಲವನ್ನು ಶೋಧಿಸಿ ಕುಳಿತುಬಿಟ್ಟರು. ಊರಿನಲ್ಲಿ ಜನ ಕಾದಿದ್ದಾರೆಂದು ಬಿನ್ನವಿಸಿದೆವು. ಜೀಪಿನ ದೀಪವನ್ನು ದಾರಿಯುದ್ದಕ್ಕೂ ಬಿಟ್ಟು ತೋರಿಸಿದೆವು. ಅವರು ಮಾತನಾಡಲಿಲ್ಲ, ಮೇಲೇಳಲೂ ಇಲ್ಲ. ಮಾಘಮಾಸದ ಚಳಿಯಲ್ಲಿ ಆ ದಿಗಂಬರ ಸಾಧುಗಳು ಬಯಲಿನಲ್ಲಿ ರಾತ್ರಿ ಕಳೆದರು. ಕಂಬಳಿ ಹೊದ್ದು ಸುತ್ತ ಕುಳಿತಿದ್ದ ನಮಗೆ ನಾಚಿಕೆಯಾಯಿತು. ನಮ್ಮ ಲೆಕ್ಕದ ತಪ್ಪಿಗೆ ಅವರು ದಂಡ ತೆತ್ತಿದ್ದರು.

ಮಹಾವ್ರತಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ವಟ್ಟಕೇರಾಚಾರ್ಯರ ಮೂಲಾಚಾರವು ಅದನ್ನು ಸ್ಪಷ್ಟವಾಗಿ ವಿಧಿಸಿದೆ. ಪ್ರಯೋಜನವಿದ್ದಾಗ ಮಾತ್ರ, ಹಗಲಿನಲ್ಲಿ, ಜನರೂ ದನಕರುಗಳೂ ಬಂಡಿಗಳೂ ಈಗಾಗಲೇ ತುಳಿದಿರುವ ನಿರ್ಜಂತುಕ ಮಾರ್ಗದಲ್ಲಿ, ಒಂದು ನೊಗದಷ್ಟು ದೂರ ಮುಂದಿನ ನೆಲವನ್ನು ನೋಡುತ್ತ ಸಾಧುವು ನಡೆಯಬೇಕು. ನೊಗದಷ್ಟು ಎಂದರೆ ನಾಲ್ಕು ಮೊಳ, ನಮ್ಮ ಅಳತೆಯಲ್ಲಿ ಆರು ಅಡಿ. ಅದಕ್ಕಿಂತ ಹತ್ತಿರ ನೋಡಿದರೆ ಕಂಡ ಇರುವೆಯನ್ನು ತಪ್ಪಿಸಿ ಹೆಜ್ಜೆಯಿಡಲು ಸಮಯ ಸಿಗುವುದಿಲ್ಲ. ದೂರ ನೋಡಿದರೆ ಇರುವೆ ಕಾಣುವುದೇ ಇಲ್ಲ. ಈ ಅಳತೆಯನ್ನು ಗೊತ್ತುಮಾಡಿದವರು ಸ್ವತಃ ಸಾವಿರಾರು ಮೈಲಿ ನಡೆದವರೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಇನ್ನು ಮಹಾರಾಜರ ಚರಿತ್ರೆಗೆ ಬರೋಣ.

ಬೆಳಗಾವಿ ಜಿಲ್ಲೆಯ, ಈಗಿನ ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಭೀಮಗೌಡ ಮತ್ತು ಸತ್ಯವತಿ ಎಂಬ ಧರ್ಮನಿಷ್ಠ ದಂಪತಿಗಳಿದ್ದರು. ತಾಯಿಯ ತವರೂರಾದ ಯಳಗುಡದಲ್ಲಿ 1872ರಲ್ಲಿ ಜನಿಸಿದ ಶಿಶುವಿಗೆ ಸಾತಗೌಡ ಎಂದು ನಾಮಕರಣವಾಯಿತು. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹ ನಡೆದು, ಕೆಲವೇ ತಿಂಗಳಲ್ಲಿ ಆ ಬಾಲವಧು ತೀರಿಕೊಂಡಳು. ಪ್ರಾಪ್ತವಯಸ್ಕರಾದ ಮೇಲೆ ಪುನರ್ವಿವಾಹದ ಮಾತು ಬಂದಾಗ ಸಾತಗೌಡರು ಒಪ್ಪದೆ ಬ್ರಹ್ಮಚರ್ಯವನ್ನು ಅಂಗೀಕರಿಸಿದರು.

ಭೋಜ ಗ್ರಾಮದ ಬಳಿ ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುತ್ತವೆ. ಆ ಕಾಲದಲ್ಲಿ ದಿಗಂಬರ ಮುನಿಗಳು ಅತಿ ವಿರಳ. ಆ ಪ್ರಾಂತದಲ್ಲಿ ವಿಹರಿಸುತ್ತಿದ್ದ ಆದಿಸಾಗರ ಮುನಿಗಳು ಭೋಜಕ್ಕೆ ಬಂದು ಹೋಗುವಾಗ ಸಾತಗೌಡರು ಅವರನ್ನು ತಮ್ಮ ಹೆಗಲ ಮೇಲೆ ಕುಳ್ಳಿರಿಸಿಕೊಂಡು ನದಿಯನ್ನು ದಾಟಿಸುತ್ತಿದ್ದರು. ಅವರ ಶರೀರಬಲ ಅಸಾಧಾರಣವಾದುದು. ನದಿಯ ತಳದ ಕಲ್ಲುಗಳು ಕಾಣವು. ಪಾದದಿಂದಲೇ ತಡವಿ ತಿಳಿದು ಮುಂದಿನ ಹೆಜ್ಜೆ ಇಡಬೇಕು. ಹೆಗಲ ಮೇಲೆ ನಿರ್ಗ್ರಂಥ ಗುರುಗಳಿರುವಾಗ ಆ ಯುವಕನು ಎಷ್ಟು ಜಾಗರೂಕನಾಗಿ ನಡೆದಿರಬೇಕೆಂಬುದನ್ನು ನದೀತೀರದ ನಮ್ಮ ಜನಕ್ಕೆ ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಹೊಲದ ಬೇಸಾಯದ ಜೊತೆಗೆ ಬಟ್ಟೆಯ ಅಂಗಡಿಯೂ ಇತ್ತು. ಸಾತಗೌಡರು ಅಂಗಡಿಯಲ್ಲಿ ಕುಳಿತರೂ ಮನಸ್ಸು ಶಾಸ್ತ್ರದಲ್ಲಿರುತ್ತಿತ್ತು. ಗಿರಾಕಿಗಳು ಬಂದರೆ ಅವರೇ ಬಟ್ಟೆಯನ್ನು ಅಳೆದುಕೊಂಡು ಹಣವನ್ನು ಇಟ್ಟುಹೋಗುವಂತೆ ಹೇಳುತ್ತಿದ್ದರಂತೆ. ಮೂವತ್ತು ವರ್ಷ ಗಜಕಡ್ಡಿ ಹಿಡಿದ ನಾನು ಈ ಪ್ರಸಂಗವನ್ನು ಓದಿದಾಗ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ.

1905ರಲ್ಲಿ, ಸುಮಾರು ಮೂವತ್ತಮೂರನೆಯ ವಯಸ್ಸಿನಲ್ಲಿ, ಸಾತಗೌಡರು ತಂಗಿ ಕೃಷ್ಣಾಬಾಯಿಯವರೊಡನೆ ಶ್ರೀ ಸಮ್ಮೇದ ಶಿಖರಜಿಯ ಯಾತ್ರೆಗೆ ಹೋದರು. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಆ ಗಿರಿರಾಜನ ಮಹಿಮೆಯನ್ನು ಧರ್ಮಬಂಧುಗಳಿಗೆ ಹೇಳಬೇಕಾಗಿಲ್ಲ. ಎತ್ತರ ಸುಮಾರು ನಾಲ್ಕೂವರೆ ಸಾವಿರ ಅಡಿ. ಮಧುವನದಿಂದ ಹತ್ತುವುದಕ್ಕೆ 9 ಕಿಲೋಮೀಟರು, ಟೋಂಕುಗಳ ವಂದನೆಗೆ 9, ಇಳಿಯುವುದಕ್ಕೆ 9, ಒಟ್ಟು 27 ಕಿಲೋಮೀಟರು ಎಂಬುದು ಯಾತ್ರಿಕರೆಲ್ಲರ ಬಾಯಲ್ಲಿರುವ ಲೆಕ್ಕ. ಆ ಏರುದಾರಿಯಲ್ಲಿ ಒಬ್ಬ ವೃದ್ಧೆ ನಡೆಯಲಾರದೆ ಕುಳಿತು ಕಣ್ಣೀರಿಡುತ್ತಿದ್ದುದನ್ನು ಸಾತಗೌಡರು ಕಂಡರು. ಆಕೆಯನ್ನು ಬೆನ್ನಮೇಲೆ ಹೊತ್ತುಕೊಂಡು ವಂದನೆ ಮಾಡಿಸಿದರು. ಪರಿಚಯದವಳಲ್ಲ, ಬಂಧುವಲ್ಲ. ಆ ಯಾತ್ರೆಯಲ್ಲಿಯೇ ಅವರು ತುಪ್ಪ ಮತ್ತು ಎಣ್ಣೆಯನ್ನು ಜೀವಾವಧಿ ತ್ಯಾಗಮಾಡಿದರು. ಊರಿಗೆ ಮರಳಿದ ಮೇಲೆ ದಿನಕ್ಕೆ ಒಂದೇ ಹೊತ್ತು ಊಟ.

ಶಿಖರಜಿಯ ದಾರಿಯ ವಿಷಯ ಬಂದುದರಿಂದ ಒಂದು ಮಾತು. ನಾವು ಶ್ರಾವಕರು ಅಲ್ಲಿ ರಾತ್ರಿ ಎರಡು ಮೂರು ಗಂಟೆಗೇ ಎದ್ದು ಕತ್ತಲೆಯಲ್ಲಿ ಹತ್ತಲು ಪ್ರಾರಂಭಿಸುತ್ತೇವೆ. ಬಿಸಿಲು ಏರುವ ಮೊದಲು ಮೇಲೆ ತಲುಪಬೇಕು, ಮಧ್ಯಾಹ್ನದೊಳಗೆ ಇಳಿದು ಬರಬೇಕು ಎಂಬುದು ನಮ್ಮ ಯೋಚನೆ. ನನ್ನ ತಾಯಿಯವರನ್ನು ನಾನು ಹೀಗೆಯೇ ಕರೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಬ್ಯಾಟರಿಯ ಸೆಲ್ಲು ಮುಗಿದು, ಮುಂದಿನವರ ಬೆಳಕನ್ನು ಹಿಂಬಾಲಿಸುತ್ತ ಅವಸರವಾಗಿ ನಡೆದೆವು. ಮುಂದಿನವರ ಬೆಳಕು ಅವರ ಕಾಲಿಗೆ ಉಪಯೋಗವೇ ಹೊರತು ನಮ್ಮ ಕಾಲಿಗಲ್ಲ. ನಮ್ಮ ಮುಂದೆ ಬೀಳುವುದು ಅವರ ನೆರಳು ಮಾತ್ರ. ಅವ್ವ ಒಂದು ಒಡೆದ ಮೆಟ್ಟಿಲಿನಲ್ಲಿ ಕಾಲು ಉಳುಕಿಸಿಕೊಂಡಳು. ಮುಂದಿನ ವಂದನೆ ಡೋಲಿಯಲ್ಲಿಯೇ ಆಯಿತು. ಇಳಿಯುವಾಗ ಹಗಲಿನಲ್ಲಿ ಅದೇ ಸ್ಥಳವನ್ನು ನೋಡಿದೆ. ಅವ್ವ ಬಿದ್ದ ಜಾಗದಿಂದ ಎರಡು ಮೊಳದಾಚೆಗೆ ಇಳಿಜಾರು ಕಮರಿ. ಮೆಟ್ಟಿಲುಗಳ ಮೇಲೆ ನೂರಾರು ಯಾತ್ರಿಕರು ಕತ್ತಲೆಯಲ್ಲಿ ತುಳಿದ ಹುಳುಗಳು ಅಂಟಿಕೊಂಡಿದ್ದವು. ಪುಣ್ಯಕ್ಷೇತ್ರದ ದಾರಿಯಲ್ಲಿ ಅದನ್ನು ನೋಡಿದ ಮೇಲೆ, ನಸುಕು ಹರಿಯುವವರೆಗೆ ಮಧುವನದಲ್ಲಿಯೇ ಕುಳಿತಿದ್ದು ನಿಧಾನವಾಗಿ ಹತ್ತುವ ಕೆಲವು ಹಿರಿಯರ ಪದ್ಧತಿ ನನಗೆ ಅರ್ಥವಾಯಿತು. ಬಿಸಿಲಿನ ತಾಪ ಒಂದಿಷ್ಟು ಹೆಚ್ಚಾಗುತ್ತದೆ, ಅಷ್ಟೇ.

ಸಾತಗೌಡರಿಗೆ ಯೌವನದಲ್ಲಿಯೇ ದೀಕ್ಷೆಯ ಹಂಬಲವಿತ್ತು. ತಾನು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ತಂದೆಯವರು ಅಪೇಕ್ಷಿಸಿದ್ದರಿಂದ ಮನೆಬಿಡಲಿಲ್ಲ. ತಂದೆತಾಯಿಗಳಿಬ್ಬರ ಕಾಲಾನಂತರ, ನಲವತ್ತು ದಾಟಿದ ಮೇಲೆ, ಉತ್ತೂರು ಗ್ರಾಮದಲ್ಲಿ ದೇವಪ್ಪ ಸ್ವಾಮಿಗಳೆಂದು ಜನ ಕರೆಯುತ್ತಿದ್ದ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಗಿರನಾರ ಕ್ಷೇತ್ರದಲ್ಲಿ ಐಲಕ ಪದವಿಯನ್ನು ಸ್ವೀಕರಿಸಿದರು. ಆ ಯಾತ್ರೆಯಿಂದ ಮರಳುವಾಗ ಎಲ್ಲ ವಾಹನಗಳನ್ನೂ ಜೀವಾವಧಿ ತ್ಯಜಿಸಿದರು. ಮುಂದೆ 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳ ಗ್ರಾಮದಲ್ಲಿ ನಿರ್ಗ್ರಂಥ ಮುನಿದೀಕ್ಷೆಯಾಯಿತು. 1924ರಲ್ಲಿ ಸಾಂಗಲಿಯ ಸಮೀಪದ ಸಮಡೋಳಿಯಲ್ಲಿ ಚತುಃಸಂಘವು ಅವರಿಗೆ ಆಚಾರ್ಯಪದವಿಯನ್ನು ಸಮರ್ಪಿಸಿತು.

ಅವರು ದೀಕ್ಷೆ ಪಡೆದ ಕಾಲದ ಸ್ಥಿತಿಯನ್ನು ಇಂದಿನ ತರುಣರು ತಿಳಿಯಬೇಕು. ಶತಮಾನಗಳ ಪರಕೀಯ ಆಡಳಿತದಿಂದ ಮುನಿಮಾರ್ಗವು ಕ್ಷೀಣಿಸಿ, ದಕ್ಷಿಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಮುನಿಗಳು ಮಾತ್ರ ಉಳಿದಿದ್ದರು. ಊರೊಳಗೆ ಬರುವಾಗ ಅವರು ವಸ್ತ್ರ ಹೊದ್ದುಕೊಳ್ಳುವುದೂ, ಉಪಾಧ್ಯೆಯು ಮೊದಲೇ ಗೊತ್ತುಮಾಡಿದ ಮನೆಗೆ ಹೋಗಿ ಆಹಾರ ಸ್ವೀಕರಿಸುವುದೂ ರೂಢಿಯಾಗಿತ್ತು. ಶಾಂತಿಸಾಗರರು ಈ ಸಡಿಲಿಕೆಗಳನ್ನು ಒಪ್ಪಲಿಲ್ಲ. ಆಗಮದಲ್ಲಿ ಹೇಗೆ ಹೇಳಿದೆಯೋ ಹಾಗೆ ನಡೆದರು. ಹಾಗೆ ನಡೆದುದರಿಂದ ಕೆಲವು ದಿನ ಆಹಾರ ಸಿಗದೆ ಉಪವಾಸವಾಯಿತು. ವಿಧಿಯಂತೆ ಪಡಗಾಹುವುದು ಹೇಗೆಂಬುದನ್ನೇ ಶ್ರಾವಕರು ಮರೆತಿದ್ದರು.

ಹಗಲಿನ ನಡಿಗೆಯಷ್ಟೇ ಮುಖ್ಯವಾದುದು ಸಾಧುವಿನ ರಾತ್ರಿ. ನಾವು ಅದನ್ನು ಗಮನಿಸುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಮನೆಗೆ ಹೋಗಿ ಮಲಗಿರುತ್ತೇವೆ. ಸೂರ್ಯಾಸ್ತಕ್ಕೆ ಮೊದಲೇ ಸಾಧುವು ತಾನು ಉಳಿಯುವ ಸ್ಥಳವನ್ನೂ, ರಾತ್ರಿ ದೇಹಬಾಧೆಗಾಗಿ ಹೋಗಬೇಕಾಗಿ ಬಂದರೆ ಬಳಸುವ ಸಮೀಪದ ನೆಲವನ್ನೂ ಬೆಳಕಿನಲ್ಲಿ ನೋಡಿಟ್ಟುಕೊಳ್ಳುತ್ತಾನೆ. ರಾತ್ರಿ ಅಲ್ಲಿಗೆ ಹೋದಾಗ ನೆಲವನ್ನು ಪಿಂಛಿಯಿಂದ ಮಾರ್ಜನ ಮಾಡಿ, ಸಂಶಯವಿದ್ದರೆ ಕೈಯ ಹಿಂಬದಿಯಿಂದ ಮೃದುವಾಗಿ ಮುಟ್ಟಿ ಜೀವಿಗಳಿವೆಯೋ ಇಲ್ಲವೋ ಎಂದು ತಿಳಿಯಬೇಕೆಂದು ಮೂಲಾಚಾರವು ವಿಧಿಸುತ್ತದೆ. ಮಲಗಿದಾಗ ಮಗ್ಗುಲು ಬದಲಿಸುವ ಮೊದಲೂ ಪಿಂಛಿಯ ಉಪಯೋಗ. ನವಿಲುಗರಿಯು ಧೂಳನ್ನೂ ಬೆವರನ್ನೂ ಹಿಡಿಯುವುದಿಲ್ಲ. ಹಗುರವೂ ಕೋಮಲವೂ ಆಗಿರುತ್ತದೆ. ಅದಕ್ಕಾಗಿಯೇ ಅದರ ಆಯ್ಕೆ. ಕತ್ತಲೆಯಲ್ಲಿ ಕಣ್ಣು ಮಾಡಲಾರದ ಕೆಲಸವನ್ನು ಸ್ವಲ್ಪಮಟ್ಟಿಗೆ ಆ ಗರಿ ಮಾಡುತ್ತದೆ. ಆದರೆ ದಾರಿ ನಡೆಯಲು ಅದು ಸಾಲದು; ಆರು ಅಡಿ ಮುಂದಿನದನ್ನು ಯಾವ ಗರಿಯೂ ತಿಳಿಸಲಾರದು.

ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಗುಹೆಯಲ್ಲಿ ಮಹಾರಾಜರು ಧ್ಯಾನಸ್ಥರಾಗಿದ್ದಾಗ ಒಂದು ಸರ್ಪವು ಅವರ ಶರೀರದ ಮೇಲೆ ಹರಿದಾಡಿ ಹೊರಟುಹೋದ ಪ್ರಸಂಗ ನಮ್ಮ ಭಾಗದ ಮನೆಮನೆಗಳಲ್ಲಿ ಪ್ರಸಿದ್ಧವಾಗಿದೆ. ಅದನ್ನು ಕೇಳಿದವರೆಲ್ಲ ಪವಾಡವೆಂದು ಕೈಮುಗಿಯುತ್ತಾರೆ. ಭಕ್ತಿ ತಪ್ಪಲ್ಲ. ಆದರೆ ನಾನು ಅದನ್ನು ಬೇರೆ ರೀತಿಯಲ್ಲಿಯೂ ಯೋಚಿಸಿದ್ದೇನೆ. ಕಬ್ಬಿಗೆ ರಾತ್ರಿ ನೀರು ಹಾಯಿಸಲು ಹೋಗುವ ನಮ್ಮ ರೈತರಿಗೆ ಹಾವು ಕಚ್ಚುವುದು ಹೆಚ್ಚಾಗಿ ಅವರು ಕತ್ತಲೆಯಲ್ಲಿ ಅದನ್ನು ತುಳಿದಾಗ. ಕಟ್ಟುಹಾವು, ಕೊಳಕುಮಂಡಲಗಳು ರಾತ್ರಿಯೇ ಸಂಚರಿಸುವಂಥವು. ಅಲುಗಾಡದೆ ಕುಳಿತವನು ಅವುಗಳಿಗೆ ಕಲ್ಲಿನ ಸಮಾನ. ರಾತ್ರಿಯು ಆ ಜೀವಿಗಳ ಸಂಚಾರದ ವೇಳೆ. ಆ ವೇಳೆಯಲ್ಲಿ ಸಾಧುವು ದಾರಿಯನ್ನು ಅವುಗಳಿಗೆ ಬಿಟ್ಟುಕೊಟ್ಟು ಒಂದೆಡೆ ಕುಳಿತಿರುತ್ತಾನೆ. ಹಾಗೆ ಕುಳಿತಿರುವುದಕ್ಕೆ ಮಹಾರಾಜರಿಗಿದ್ದ ನಿಶ್ಚಲತೆ ಬೇಕು. ನಮ್ಮಂಥವರು ಹಾವನ್ನು ಕಂಡು ಎದ್ದು ಓಡಿ ಕಚ್ಚಿಸಿಕೊಳ್ಳುತ್ತೇವೆ. ಬುಂದೇಲಖಂಡದ ದ್ರೋಣಗಿರಿಯಲ್ಲಿ ಅವರು ರಾತ್ರಿಯಿಡೀ ಬೆಟ್ಟದ ಮೇಲೆ ಏಕಾಂತದಲ್ಲಿದ್ದಾಗ ಹುಲಿಯೊಂದು ಸಮೀಪಕ್ಕೆ ಬಂದು ಕುಳಿತುದನ್ನೂ ಚರಿತ್ರಕಾರರು ದಾಖಲಿಸಿದ್ದಾರೆ. ಬೆಳಗಾದ ಮೇಲೆಯೇ ಮಹಾರಾಜರು ಕೆಳಗಿಳಿದು ಬಂದರು.

ಅವರ ಪಾದವಿಹಾರಗಳಲ್ಲಿ ಶಿರೋಮಣಿಯಾದುದು 1927-28ರ ಸಮ್ಮೇದ ಶಿಖರಜಿ ಯಾತ್ರೆ. ಮುಂಬಯಿಯ ಸೇಠ ಪೂನಮಚಂದ ಘಾಸೀಲಾಲ ಜವೇರಿಯವರ ಕುಟುಂಬದವರು ಚತುರ್ವಿಧ ಸಂಘದ ಸಮಸ್ತ ವ್ಯವಸ್ಥೆಯನ್ನು ವಹಿಸಿಕೊಂಡರು. 1927ರ ಚಾತುರ್ಮಾಸ್ಯ ಮುಗಿದ ನಂತರ ಕುಂಭೋಜ ಬಾಹುಬಲಿಯಿಂದ ಹೊರಟ ಸಂಘವು ನಿಜಾಮರ ಸೀಮೆಯನ್ನು ದಾಟಿ, ನಾಗಪುರ, ರಾಮಟೇಕಗಳ ಮೂಲಕ ಛತ್ತೀಸಗಢದ ಅರಣ್ಯಗಳನ್ನು ಹಾದು, ಹಜಾರಿಬಾಗದ ದಾರಿಯಿಂದ 1928ರ ಫಾಲ್ಗುಣದಲ್ಲಿ ಶಿಖರಜಿಯನ್ನು ತಲುಪಿತು. ದಾರಿ ಸಾವಿರ ಮೈಲಿಯ ಆಜುಬಾಜು.

ವ್ಯಾಪಾರಿಯ ಬುದ್ಧಿಗೆ ಈ ಲೆಕ್ಕವನ್ನು ಬಿಡಿಸಿ ನೋಡದೆ ಸಮಾಧಾನವಾಗದು. ಅದು ಚಳಿಗಾಲ; ಹಗಲು ಹನ್ನೊಂದು ತಾಸು. ಅದರಲ್ಲಿ ಪ್ರಾತಃಕಾಲದ, ಮಧ್ಯಾಹ್ನದ, ಸಾಯಂಕಾಲದ ಸಾಮಾಯಿಕಗಳಿವೆ. ಶೌಚವಿಧಿ, ಜಿನದರ್ಶನ, ಆಹಾರಚರ್ಯೆ, ಸೇರಿದ ಜನಕ್ಕೆ ಉಪದೇಶ ಇವೆಲ್ಲ ಹಗಲಿನಲ್ಲಿಯೇ ಆಗಬೇಕು. ಸೂರ್ಯೋದಯವಾದರೂ ನೆಲ ಸ್ಪಷ್ಟವಾಗಿ ಕಾಣುವವರೆಗೆ, ಮಂಜು ಕವಿದಿದ್ದರೆ ಅದು ಕರಗುವವರೆಗೆ ಹೊರಡುವಂತಿಲ್ಲ. ಸಂಜೆ ಇನ್ನೂ ಬೆಳಕಿರುವಾಗಲೇ ತಂಗುವ ಸ್ಥಳ ಸೇರಿ ಅದನ್ನು ಶೋಧಿಸಬೇಕು. ಇವೆಲ್ಲ ಕಳೆದರೆ ನಡೆಯುವುದಕ್ಕೆ ಉಳಿಯುವುದು ಬೆಳಿಗ್ಗೆ ಎರಡೂವರೆ ತಾಸು, ಮಧ್ಯಾಹ್ನದ ಮೇಲೆ ಎರಡೂವರೆ ತಾಸು. ಬರಿಗಾಲಿನಲ್ಲಿ, ನೆಲದ ಮೇಲೆ ದೃಷ್ಟಿಯಿಟ್ಟು ನಡೆಯುವವರು ತಾಸಿಗೆ ಎರಡು, ಎರಡೂವರೆ ಮೈಲಿ ಸಾಗಬಹುದು. ದಿನಕ್ಕೆ ಹತ್ತು ಹನ್ನೆರಡು ಮೈಲಿಯಾಯಿತು. ಆ ಹತ್ತು ಹನ್ನೆರಡನ್ನು ಒಂದೂ ದಿನ ಕತ್ತಲೆಯಿಂದ ಸಾಲ ತೆಗೆಯದೆ, ತಿಂಗಳುಗಟ್ಟಲೆ ಕೂಡಿಸುತ್ತ ಹೋದರೆ ಕೃಷ್ಣಾತೀರದವರು ಪಾರಸನಾಥ ಬೆಟ್ಟಕ್ಕೆ ಮುಟ್ಟುತ್ತಾರೆ. ಸಂಘದ ಸಾಮಾನು ಸಾಗಿಸುವವರೂ ಅಡಿಗೆಯವರೂ ಮುಂದೆ ಹೋಗಿ ಬಿಡಾರ ಹೂಡಬೇಕಾಗಿದ್ದಿತು. ನೂರಾರು ಜನರ ಆ ವ್ಯವಸ್ಥೆಯೆಲ್ಲ ಮಹಾರಾಜರ ಕಣ್ಣಿಗೆ ನೆಲ ಕಾಣುವ ಆ ಐದು ತಾಸುಗಳ ಸುತ್ತ ಹೆಣೆದುದಾಗಿತ್ತು. ಶಿಖರಜಿಯಲ್ಲಿ ಆ ಸಂದರ್ಭದಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವೂ ನಡೆದು, ದೇಶದ ಮೂಲೆಮೂಲೆಗಳಿಂದ ಶ್ರಾವಕರು ಬಂದು ಸೇರಿದರು. ಇಪ್ಪತ್ತಮೂರು ವರ್ಷಗಳ ಹಿಂದೆ ವೃದ್ಧೆಯನ್ನು ಹೊತ್ತು ಹತ್ತಿದ ಬೆಟ್ಟವನ್ನು ಆಚಾರ್ಯರು ಈಗ ಪಿಂಛಿ ಕಮಂಡಲುಗಳೊಡನೆ ಹತ್ತಿದರು.

ಅಲ್ಲಿಂದ ಮುಂದೆ ಉತ್ತರ ಭಾರತದಲ್ಲಿಯೇ ವಿಹಾರ. ಕಟನಿ, ಲಲಿತಪುರ, ಮಥುರಾ, ದಿಲ್ಲಿ, ಜಯಪುರ, ಬ್ಯಾವರ ಎಂದು ಒಂದೊಂದು ವರ್ಷ ಒಂದೊಂದು ಕಡೆ ಚಾತುರ್ಮಾಸ್ಯ ನಡೆಯಿತು. ಶತಮಾನಗಳಿಂದ ನಿರ್ಗ್ರಂಥ ಮುನಿಯನ್ನು ಕಾಣದಿದ್ದ ಊರುಗಳವು. 1931ರಲ್ಲಿ ದಿಲ್ಲಿಯಲ್ಲಿದ್ದಾಗ, ದಿಗಂಬರ ಸಾಧುಗಳ ಸಂಚಾರಕ್ಕೆ ಸರಕಾರದ ನಿರ್ಬಂಧದ ಮಾತು ಕೇಳಿಬಂದಿತು. ಮಹಾರಾಜರು ಹಗಲು ಹೊತ್ತಿನಲ್ಲಿ ರಾಜಧಾನಿಯ ಪ್ರಮುಖ ಬೀದಿಗಳಲ್ಲಿ ಬಹಿರಂಗವಾಗಿ ವಿಹರಿಸಿ, ಮುಖ್ಯ ಕಟ್ಟಡಗಳ ಮುಂದೆ ಛಾಯಾಚಿತ್ರ ತೆಗೆಯಲು ಸಮ್ಮತಿಸಿದರು. ತಮ್ಮ ಚಿತ್ರದ ಮೋಹ ಅವರಿಗೆ ಇರಲಿಲ್ಲ. ಮುನಿಗಳು ಇಲ್ಲಿ ನಿರಾತಂಕವಾಗಿ ನಡೆದಿದ್ದರೆಂಬುದಕ್ಕೆ ಮುಂದಿನವರಿಗೆ ಆಧಾರ ಇರಲೆಂಬುದೇ ಉದ್ದೇಶ. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸಿದ ಅವರ ಉಪಕಾರವನ್ನು ಪಂಡಿತರು ಬಲ್ಲರು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಸಮಾಜದ ಹಿರಿಯರಲ್ಲಿ ಒಂದು ಬಿನ್ನಹ. ಇತ್ತೀಚಿನ ವರ್ಷಗಳಲ್ಲಿ ಹೆದ್ದಾರಿಗಳಲ್ಲಿ ಲಾರಿ ಮೋಟಾರುಗಳು ಹಾಯ್ದು ಸಾಧುಸಾಧ್ವಿಯರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ನಸುಕಿನ ಹೊತ್ತು, ಮಂಜಿನ ಹೊತ್ತು ಬಹಳ ಕೆಟ್ಟದು. ರಾತ್ರಿಯಿಡೀ ಓಡಿಸಿದ ಚಾಲಕನಿಗೆ ಆಗಲೇ ತೂಕಡಿಕೆ. ಅವನ ಕಣ್ಣಿಗೆ ರಸ್ತೆಯಂಚಿನ ಮನುಷ್ಯ ಕಾಣುವುದು ಹತ್ತಿರ ಬಂದ ಮೇಲೆಯೇ. ಆ ಹೊತ್ತಿನಲ್ಲಿ ಸಂಘವು ರಸ್ತೆಯ ಮೇಲೆ ಇರುವುದಕ್ಕೆ ಬಹಳ ಸಲ ಶ್ರಾವಕರಾದ ನಾವೇ ಕಾರಣರು. ಪುರಪ್ರವೇಶದ ಮುಹೂರ್ತವನ್ನು ಮೊದಲು ಅಚ್ಚುಹಾಕಿಸಿ, ಅತಿಥಿಗಳ ಅನುಕೂಲದ ವೇಳೆಯನ್ನು ಗೊತ್ತುಮಾಡಿ, ಆಮೇಲೆ ಮುನಿಗಳು ಅದಕ್ಕೆ ಸರಿಯಾಗಿ ಬಂದು ಮುಟ್ಟಬೇಕೆಂದು ಅಪೇಕ್ಷಿಸುತ್ತೇವೆ. ಒಂದು ದಿನಕ್ಕೆ ಹದಿನೈದು ಮೈಲಿ ಹಚ್ಚುತ್ತೇವೆ. ಬೆಳಗಿನ ಬಿಸಿಲು ತಪ್ಪಿಸಲೆಂದು ಬೇಗ ಹೊರಡಿರೆಂದು ವಿನಂತಿಸುತ್ತೇವೆ. ಈ ಸಲ ನಾನು ಸಮಿತಿಯಲ್ಲಿ ಹಟಮಾಡಿ, ಮುಹೂರ್ತಪತ್ರಿಕೆ ಅಚ್ಚಾಗುವ ಮೊದಲು ಎರಡು ಸಲ ಇಡೀ ದಾರಿಯನ್ನು ಕಾಲ್ನಡಿಗೆಯಲ್ಲಿ ಅಳೆದೆ. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ಬಂಡಿದಾರಿಗಳನ್ನು ಹಿಡಿದರೆ ಒಂದು ದಿನ ಹೆಚ್ಚಾಗುತ್ತದೆ ಎಂದು ಕೆಲವರು ಗೊಣಗಿದರು. ಹೆಚ್ಚಾಗಲಿ ಎಂದೆ. ನಡೆಯುವವರ ಹಿಂದೆ ಮುಂದೆ ಕೆಂಪು ಬಾವುಟ ಹಿಡಿದ ತರುಣರು ಇರಬೇಕೆಂದೂ, ಮೋಟಾರುಗಳ ಎದುರು ಮುಖವಾಗಿ ರಸ್ತೆಯ ಬಲಬದಿಯಲ್ಲಿ ನಡೆಯಬೇಕೆಂದೂ, ಯಾವ ಮುಕ್ಕಾಮಿನಲ್ಲಿಯೂ ಸೂರ್ಯಾಸ್ತಕ್ಕೆ ಒಂದು ತಾಸು ಮೊದಲೇ ನಡಿಗೆ ಮುಗಿಯಬೇಕೆಂದೂ ಗೊತ್ತುಮಾಡಿದ್ದೇವೆ.

ಇನ್ನು ಆಚಾರ್ಯರ ಅಂತ್ಯಕಾಲದ ಸಂಗತಿ.

ಎಂಬತ್ತು ದಾಟಿದ ಮೇಲೂ ಮಹಾರಾಜರ ಶರೀರ ದೃಢವಾಗಿಯೇ ಇದ್ದಿತು. ಆದರೆ ಕಣ್ಣಿನ ದೃಷ್ಟಿ ವರ್ಷದಿಂದ ವರ್ಷಕ್ಕೆ ಕುಂದುತ್ತ ಬಂದಿತು. ಗೃಹಸ್ಥನಿಗೆ ಕಣ್ಣು ಹೋದರೆ ಮಗನ ಕೈಹಿಡಿದು ನಡೆಯುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ, ಜೀವನ ಹೇಗೋ ಸಾಗುತ್ತದೆ. ಮಹಾವ್ರತಿಯ ಸ್ಥಿತಿ ಹಾಗಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ತನ್ನ ಕಣ್ಣಿನಿಂದಲೇ ನೋಡಿ ಹೆಜ್ಜೆಯಿಡಬೇಕು. ಕರಪಾತ್ರೆಯಲ್ಲಿ ಬಿದ್ದ ಅನ್ನವನ್ನು ತಾನೇ ಪರೀಕ್ಷಿಸಿ ಸ್ವೀಕರಿಸಬೇಕು. ಇನ್ನೊಬ್ಬರ ಕಣ್ಣಿನಿಂದ ಅಹಿಂಸಾವ್ರತವನ್ನು ಪಾಲಿಸಲಾಗದು. ಮೂವತ್ತೈದು ವರ್ಷ ರಾತ್ರಿಯಲ್ಲಿ ಹೆಜ್ಜೆಯಿಡದೆ ಬಂದ ಆ ಮಹಾತ್ಮರಿಗೆ ಈಗ ನಡುಹಗಲೂ ಮಸುಕಾಗತೊಡಗಿತ್ತು. ಈರ್ಯಾಸಮಿತಿಯು ಕೆಟ್ಟಮೇಲೆ ನಡೆಯುವುದಾಗಲಿ, ಆಹಾರಕ್ಕೆ ಹೋಗುವುದಾಗಲಿ ಸಲ್ಲದೆಂದು ಅವರು ನಿಶ್ಚಯಿಸಿದರು. ವ್ರತವನ್ನು ದೇಹಕ್ಕಾಗಿ ಸಡಿಲಿಸುವ ಬದಲು ದೇಹವನ್ನೇ ವಿಧಿಪೂರ್ವಕ ಬಿಡುವುದು ಅವರ ಆಯ್ಕೆಯಾಯಿತು. ಇಂದ್ರಿಯಗಳು ಕುಂದಿ ವ್ರತಪಾಲನೆ ಅಸಾಧ್ಯವಾದಾಗ ಸಲ್ಲೇಖನವನ್ನು ಆಗಮವು ಸಮ್ಮತಿಸಿದೆ. ಹೊರಗಿನವರು ಇದನ್ನು ಏನೆಂದು ಕರೆದರೂ, ಅವರು ನಡೆದ ಬಗೆಯನ್ನು ಬಲ್ಲವರಿಗೆ ಈ ನಿರ್ಣಯ ಆಶ್ಚರ್ಯವನ್ನು ಉಂಟುಮಾಡದು.

1955ರ ಚಾತುರ್ಮಾಸ್ಯವು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ. ಕುಲಭೂಷಣ ದೇಶಭೂಷಣ ಮುನಿಗಳು ಸಿದ್ಧಿ ಪಡೆದ ಕ್ಷೇತ್ರವದು. ಆಗಸ್ಟ್ 14ರಂದು ಸಲ್ಲೇಖನವು ಪ್ರಾರಂಭವಾಯಿತು. ಆಹಾರವು ನಿಂತಿತು, ಕೆಲವು ದಿನ ಜಲ ಮಾತ್ರ, ಮುಂದೆ ಅದೂ ಇಲ್ಲ. ಆ ದಿನಗಳಲ್ಲಿಯೇ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಆಚಾರ್ಯಪದವಿಯನ್ನು ಪತ್ರದ ಮೂಲಕ ಒಪ್ಪಿಸಿ ಸಂಘದ ಭಾರದಿಂದ ಮುಕ್ತರಾದರು. ರೈಲು, ಮೋಟಾರು, ಬಂಡಿಗಳಲ್ಲಿ ಸಾವಿರಾರು ಜನ ಕುಂಥಲಗಿರಿಗೆ ಹರಿದುಬಂದರು. ನಮ್ಮ ಬೆಳಗಾವಿ ಸೀಮೆಯಿಂದ ಹೋದ ಹಿರಿಯರು ಆ ದರ್ಶನದ ಸಂಗತಿಯನ್ನು ಮುಪ್ಪಿನವರೆಗೂ ಹೇಳುತ್ತಿದ್ದರು. ಇಪ್ಪತ್ತಾರನೆಯ ದಿನ, ಸೆಪ್ಟೆಂಬರ್ 8ರಂದು, ಅಷ್ಟು ಕೃಶವಾದ ಶರೀರದಲ್ಲಿಯೂ ಅವರು ಮರಾಠಿಯಲ್ಲಿ ಸಮಾಜಕ್ಕೆ ಕೊನೆಯ ಉಪದೇಶ ನೀಡಿದರು, ಅದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು.

ಸೆಪ್ಟೆಂಬರ್ 18, ಭಾದ್ರಪದ ಶುಕ್ಲ ಬಿದಿಗೆ, ಭಾನುವಾರ. ಸಲ್ಲೇಖನದ ಮೂವತ್ತಾರನೆಯ ದಿನ. ರಾತ್ರಿಯಿಡೀ ಹತ್ತಿರದಲ್ಲಿದ್ದವರು ಪಂಚನಮಸ್ಕಾರವನ್ನು ಜಪಿಸುತ್ತಿದ್ದರು. ಮಹಾರಾಜರ ಪ್ರಜ್ಞೆ ಕೊನೆಯವರೆಗೂ ಜಾಗೃತವಾಗಿದ್ದಿತು. ಬೆಳಗಾಗಿ, ಬೆಟ್ಟದ ಮೇಲಿನ ಜಿನಾಲಯಗಳ ಶಿಖರಗಳಿಗೆ ಬಿಸಿಲು ಮುಟ್ಟಿದ ಮೇಲೆ, 6 ಗಂಟೆ 50 ನಿಮಿಷಕ್ಕೆ ಅವರು ದೇಹವನ್ನು ಬಿಟ್ಟರು.